ಗೋಲ್‌ಕೀಪರ್‌ಗೆ ಕೆಲಸ ಕೊಟ್ಟಿರಿ, ನನ್ನ ತಂಗಿಯ ಕೆಲಸ ಎಲ್ಲಿ?

ಫುಟ್‌ಬಾಲ್ ಕ್ಲಬ್ಬಿನ ಮಾನ್ಯ ಅಧ್ಯಕ್ಷರೇ,

'ಮಾನ್ಯ' ಎಂದು ರೂಢಿಗೆ ಬರೆದಿದ್ದೇನೆ, ಅದರಲ್ಲಿ ಹೆಚ್ಚಿನ ಅರ್ಥ ಹುಡುಕಬೇಡಿ. ಅತ್ಯಾಚಾರದ ಆರೋಪ ಸಾಬೀತಾಗಿ ಜೈಲಿಗೆ ಹೋಗಿದ್ದ ನಿಮ್ಮ ಗೋಲ್‌ಕೀಪರ್ ಅರ್ಧ ಶಿಕ್ಷೆ ಮುಗಿಸಿ ಜಾಮೀನಿನ ಮೇಲೆ ಹೊರಬಂದ ಕೂಡಲೇ ಅವನನ್ನು ತಬ್ಬಿಕೊಂಡು ತಂಡಕ್ಕೆ ಸೇರಿಸಿಕೊಂಡಿರಿ. ಊರು ತಿರುಗಿಬಿದ್ದ ಮೇಲೆ ಕೈಬಿಟ್ಟಿರಿ. ಮೊನ್ನೆ ಹೊರಡಿಸಿದ ಹೇಳಿಕೆಯಲ್ಲಿ 'ಸಾರ್ವಜನಿಕ ಒತ್ತಡಕ್ಕೆ ಮಣಿದು, ಭಾರವಾದ ಹೃದಯದಿಂದ' ಎಂದಿದ್ದೀರಿ. ಆ ಹೃದಯ ಯಾರಿಗಾಗಿ ಭಾರವಾಯಿತು ಎಂದು ಕೇಳಲಿಕ್ಕೇ ಈ ಪತ್ರ.

ಕ್ರೀಡಾಂಗಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ನನ್ನ ತಂಗಿ ನಿಮ್ಮ ಕ್ಲಬ್ಬಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು. ಹುಡುಗಿಯರ ತಂಡದಲ್ಲಿ ಯಾರ ಪಾದ ಉಳುಕಿದರೂ, ಯಾರ ಮಂಡಿ ಊದಿಕೊಂಡರೂ ಅವಳೇ ನೋಡಬೇಕು. ಮನೆಗೆ ಬಂದರೆ ಮುಲಾಮಿನ ವಾಸನೆ. ಅಮ್ಮ ಮೂಗು ಮುಚ್ಚಿಕೊಂಡು "ಮೊದಲು ಕೈ ತೊಳ್ಕೊಂಡು ಬಾರೇ" ಎಂದು ಬಚ್ಚಲಿಗೆ ಅಟ್ಟುತ್ತಿದ್ದಳು. ಆ ಗೋಲ್‌ಕೀಪರ್ ಬೆನ್ನುನೋವೆಂದು ಅವಳ ಕೋಣೆಗೆ ಬಂದು, ಬಾಗಿಲ ಚಿಲಕ ಹಾಕಿದ ದಿನ ನಡೆದದ್ದನ್ನು ನಾನಿಲ್ಲಿ ಬರೆಯುವುದಿಲ್ಲ. ಪೊಲೀಸರಿಗೆ, ವೈದ್ಯರಿಗೆ, ವಕೀಲರಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿದೆ. ನ್ಯಾಯಾಲಯ ನಂಬಿತು. ವಿಚಾರಣೆ ಶುರುವಾದಾಗ ನೀವು ಅವಳಿಗೆ "ಸ್ವಲ್ಪ ದಿನ ರಜೆ ತಗೊಳ್ಳಮ್ಮ" ಎಂದಿದ್ದಿರಿ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಅವನು ಮರಳಿದ ಸುದ್ದಿ ಬಂದ ಮರುದಿನ, ನಮ್ಮ ಬೀದಿಯ ಬೇಕರಿಯವರು ಪುಟ್ಟ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಕೈಯಲ್ಲಿ ಹುಡುಗಿಯ ಹೊಸ ಜೆರ್ಸಿ.

"ಅಕ್ಕ, ಇದಕ್ಕೆ ಒಂದನೇ ನಂಬರ್ ಹೊಲಿದುಕೊಡಿ. ನಮ್ಮ ಹುಲಿ ವಾಪಸ್ ಬಂದಿದ್ದಾನಲ್ಲ!"

ಒಳಗೆ ಕುಳಿತು ಗುಂಡಿ ಹಾಕುತ್ತಿದ್ದ ತಂಗಿ ಎದ್ದು ಬಂದಳು. ಜೆರ್ಸಿಯನ್ನು ಕೈಗೆ ತೆಗೆದುಕೊಂಡು ಕೇಳಿದಳು: "ಹೊಲಿದುಕೊಡ್ತೀವಿ. ಅವನು ಎಲ್ಲಿಗೆ ಹೋಗಿದ್ದ, ಯಾಕೆ ಹೋಗಿದ್ದ ಅಂತ ಮಗಳಿಗೆ ಹೇಳಿದ್ದೀರಾ?"

ಅವರಿಗೆ ಅವಳ ಗುರುತು ಹತ್ತಿತು. ಮುಖ ಸುಟ್ಟುಕೊಂಡವರಂತಾಗಿ "ಆಟ ಬೇರೆ, ಜೀವನ ಬೇರೆ ಅಲ್ವೇನಮ್ಮ..." ಎಂದು ತೊದಲಿ, ಜೆರ್ಸಿ ಮಡಚಿಕೊಂಡು ಹೊರಟೇಬಿಟ್ಟರು. ಅವರು ಕೆಟ್ಟವರಲ್ಲ. ಆ ಮಾತೂ ಅವರದಲ್ಲ, ಹಿಂದಿನ ಸಂಜೆ ಟಿವಿಯಲ್ಲಿ ನೀವು ಆಡಿದ್ದು. ನಿಮ್ಮ ಎಂಜಲನ್ನು ಒಬ್ಬ ತಂದೆ ಮಗಳೆದುರು ಬಾಯಿಗಿಟ್ಟುಕೊಂಡರು.

ಅಷ್ಟಕ್ಕೇ ನೀವು ನಿಲ್ಲಿಸಲಿಲ್ಲ. ಅವನ ವಕೀಲರನ್ನು ಕರೆದುಕೊಂಡು ನಮ್ಮ ಮನೆಗೇ ಬಂದಿರಿ. ಫೋಟೋ ತೆಗೆಯುವವನನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿದ್ದಿರಿ. ಅಷ್ಟು ಸಂಕೋಚವಾದರೂ ನಿಮ್ಮಲ್ಲಿ ಉಳಿದಿತ್ತು ಎಂದು ಮೆಚ್ಚಬೇಕೇನೋ!

"ನೋಡಮ್ಮ, ಆಗಿದ್ದು ಆಗಿಹೋಯ್ತು. ಅವನೂ ಬೇಕಾದಷ್ಟು ಅನುಭವಿಸಿದ್ದಾನೆ. ಮೊದಲ ಪಂದ್ಯದ ದಿನ ನೀನು ಮೈದಾನಕ್ಕೆ ಬಂದು ಅವನ ಕೈ ಕುಲುಕಿಬಿಟ್ರೆ ಎಲ್ಲರ ಬಾಯಿ ಮುಚ್ಚುತ್ತೆ" ಎಂದಿರಿ.

"ತಪ್ಪಾಯ್ತು ಅಂತ ಹೇಳಿದ್ದಾನಾ ಸರ್?"

ಉತ್ತರ ಕೊಟ್ಟವರು ವಕೀಲರು. "ಮೇಲ್ಮನವಿ ಹಾಕಿದ್ದೀವಿ. ಹಾಗೆಲ್ಲ ಬಾಯಿಬಿಟ್ಟು ಹೇಳೋಕಾಗಲ್ಲ."

"ಸರಿ. ನನ್ನ ಕೆಲಸ ವಾಪಸ್ ಕೊಡ್ತೀರಾ?"

ಆಗ ನೀವು ಆಡಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಅದು ಬೇರೆ ವಿಷಯ ಕಣಮ್ಮ. ನೀನು ಅಲ್ಲಿದ್ರೆ ಅವನಿಗೆ ಮುಜುಗರ ಆಗುತ್ತೆ. ತಂಡದ ವಾತಾವರಣ ಕೆಡುತ್ತೆ."

ತಂಗಿ ಎದ್ದು ಬಾಗಿಲು ತೆರೆದಳು. ಚಹಾ ತಂದಿದ್ದ ಅಮ್ಮ ತಟ್ಟೆಯನ್ನು ಹಾಗೇ ಒಳಗೆ ಒಯ್ದಳು. ಮನೆಗೆ ಬಂದವರೊಬ್ಬರಿಗೆ ಅಮ್ಮ ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮುಜುಗರ! ಎಂಥ ನಾಜೂಕಿನ ಪದ ಹುಡುಕಿದಿರಿ ಸ್ವಾಮಿ! ಶಿಕ್ಷೆ ಅನುಭವಿಸಿದವನಿಗೆ ದುಡಿದು ತಿನ್ನುವ ಹಕ್ಕಿಲ್ಲವೇ ಎಂದು ಟಿವಿಯವರ ಮುಂದೆ ಗೋಳಾಡಿದಿರಿ. ಇದೆ, ಖಂಡಿತ ಇದೆ. ಲಾರಿ ಓಡಿಸಲಿ, ಇಟ್ಟಿಗೆ ಹೊರಲಿ, ಗೋಡೆಗೆ ಬಣ್ಣ ಬಳಿಯಲಿ. ನಾನು ಅಡ್ಡ ಬರುವುದಿಲ್ಲ. ಆದರೆ ಸಾವಿರಾರು ಜನರ ಚಪ್ಪಾಳೆ, ಮಕ್ಕಳ ಬೆನ್ನಿನ ಮೇಲೆ ಅವನ ನಂಬರು, ಇವೂ ಹೊಟ್ಟೆಪಾಡೇ? ಎರಡನೇ ಅವಕಾಶ ಎಂದು ಬೊಬ್ಬೆ ಹೊಡೆದಿರಿ. ಮೊದಲನೆಯ ತಪ್ಪನ್ನೇ ಒಪ್ಪಿಕೊಳ್ಳದವನಿಗೆ ಎರಡನೆಯ ಅವಕಾಶ ಯಾವುದಕ್ಕೆ? ಇನ್ನೊಮ್ಮೆ ಮಾಡಲಿಕ್ಕೆಯೇ? ಇನ್ನು ನನ್ನ ತಂಗಿ. ಅವಳು ಯಾವ ಅಪರಾಧ ಮಾಡಿ, ಯಾವ ಶಿಕ್ಷೆ ಮುಗಿಸಿ ಬಂದರೆ ನಿಮ್ಮ ಕರುಣೆಯ ಸರದಿಯಲ್ಲಿ ಅವಳಿಗೊಂದು ಜಾಗ ಸಿಕ್ಕೀತು?

ಅವಳ ಪರವಾಗಿ ನಿಂತವರು ಹುಡುಗಿಯರು. ಅಭ್ಯಾಸಕ್ಕೆ ಬಂದವರು ಬೂಟು ಕಳಚಿಟ್ಟು ಮೈದಾನದ ಮಧ್ಯದಲ್ಲಿ ಕುಳಿತುಬಿಟ್ಟರು. ತರಬೇತುದಾರರು ಕಿರುಚಾಡಿದರು. ಎಲ್ಲರೂ ಗುಬ್ಬಿ ಎಂದು ಕರೆಯುವ ಆ ಸಣಕಲು ನಾಯಕಿ ಮಾತ್ರ ಕುಳಿತಲ್ಲಿಂದಲೇ ಹೇಳಿದಳಂತೆ: "ಅವನು ಇಲ್ಲಿಂದ ಹೋಗೋವರೆಗೂ ನಾವು ಏಳಲ್ಲ ಸರ್. ಬೇಕಾದ್ರೆ ನಮ್ಮ ಸುತ್ತ ಓಡಾಡ್ಕೊಂಡು ಆಡಿಸಿ." ನೀವು ಗೇಟು ಹಾಕಿಸಿದಿರಿ. ಗೇಟಿನ ಹೊರಗೆ ತಾಯಂದಿರು ಬಂದು ನಿಂತರು. ಬೇಕರಿಯವರೂ ಬಂದರು, ನನ್ನತ್ತ ನೋಡಲಿಲ್ಲ, ಆದರೆ ಕತ್ತಲಾಗುವವರೆಗೂ ಕದಲಲಿಲ್ಲ. ಜಾಹೀರಾತು ಕೊಡುವ ಕಂಪನಿ ಹಿಂದೆ ಸರಿದ ಮೇಲೆ ನಿಮ್ಮ ಹೃದಯಕ್ಕೆ ಭಾರ ತಿಳಿಯಿತು.

ಒತ್ತಡದ ಮಾತೆತ್ತಿದಿರಲ್ಲ, ಕೇಳಿ. ಅವನ ಅಭಿಮಾನಿಗಳು ನನ್ನ ಅಂಗಡಿಯ ಬಾಗಿಲ ಮೇಲೆ ತಂಗಿಯ ಬಗ್ಗೆ ಬರೆದುಹೋದ ಕೊಳಕು ಮಾತನ್ನು ನಾನು ಸೀಮೆಎಣ್ಣೆ ಹಾಕಿ ಉಜ್ಜಿದ್ದೇನೆ. ಅಕ್ಷರ ಹೋಯಿತು, ಕಲೆ ಹೋಗಲಿಲ್ಲ. ತಂಗಿ ಮೊಬೈಲ್ ಸದ್ದಾದರೆ ಈಗಲೂ ಬೆಚ್ಚಿಬೀಳುತ್ತಾಳೆ. ಒತ್ತಡ ಅಂದರೆ ಇದು.

ಕಡೆಗೆ ಆದದ್ದೇನು? ಅವನನ್ನು ಬೇರೊಂದು ಕ್ಲಬ್ಬು ಕೈನೀಡಿ ಕರೆದುಕೊಂಡಿತು. ನೀವು ಶುಭ ಹಾರೈಸಿದಿರಿ. ಗುಬ್ಬಿಯನ್ನು ಅಶಿಸ್ತಿನ ಕಾರಣಕ್ಕೆ ನಾಯಕತ್ವದಿಂದ ಇಳಿಸಿದಿರಿ. ಓಹೋ, ನಿಮ್ಮ ಕ್ಲಬ್ಬಿನಲ್ಲಿ ಶಿಸ್ತು ಎಂಬುದೂ ಇದೆಯೋ! ನಿಮ್ಮ ಹೇಳಿಕೆಯಲ್ಲಿ ಅವನ ಪ್ರತಿಭೆಗೆ ಜಾಗವಿತ್ತು, ಅವನ ತಾಯಿಯ ಕಣ್ಣೀರಿಗೂ ಇತ್ತು. ನನ್ನ ತಂಗಿಯ ಬಗ್ಗೆ ಅರ್ಧ ಸಾಲೂ ಇರಲಿಲ್ಲ.

ಅವಳು ಈ ಪತ್ರ ಓದಿದ್ದಾಳೆ. ಒಂದೆರಡು ಕಡೆ "ಇದು ಜಾಸ್ತಿ ಆಯ್ತಕ್ಕ" ಎಂದಳು. ನಾನು ತೆಗೆದಿಲ್ಲ. ಸಂಜೆಯಾದರೆ ಹುಡುಗಿಯರು ಕುಂಟುತ್ತಾ ನನ್ನ ಅಂಗಡಿಗೇ ಬರುತ್ತಾರೆ. ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವರನ್ನು ಕೂರಿಸಿಕೊಂಡು ಅವಳು ಮಂಡಿಗೆ ಪಟ್ಟಿ ಸುತ್ತುತ್ತಾಳೆ. ಆಗ ಮಾತ್ರ ಅವಳು ಮೊದಲಿನಂತೆ ಗದರುತ್ತಾಳೆ, ನಗುತ್ತಾಳೆ.

ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಗುಬ್ಬಿಗೆ ಅವಳ ನಾಯಕತ್ವ ಮರಳಿಸಿ. ಅವನನ್ನು ಸ್ವಾಗತಿಸಿದ ಅದೇ ಸಭಾಂಗಣದಲ್ಲಿ, ಅದೇ ಮೈಕುಗಳ ಮುಂದೆ ನಿಂತು, ನಮ್ಮ ಕಟ್ಟಡದಲ್ಲಿ, ನಮ್ಮ ಕೆಲಸದವಳ ಮೇಲೆ ಅತ್ಯಾಚಾರವಾಯಿತು, ಆಮೇಲೆ ನಾವು ಅವಳನ್ನೇ ಹೊರಗಿಟ್ಟೆವು ಎಂದು ಹೇಳಿ. ನನ್ನ ತಂಗಿಗೆ ಅವಳ ಕೆಲಸ ಕೊಡಿ, ಒಳಗಿನಿಂದ ಅವಳೊಬ್ಬಳೇ ಚಿಲಕ ಹಾಕಬಹುದಾದ ಕೋಣೆಯೊಂದನ್ನು ಕೊಡಿ. ಅಲ್ಲಿ ನಿಮಗೆ ಮುಜುಗರವಾದರೆ, ಸ್ವಲ್ಪ ದಿನ ನೀವೇ ರಜೆ ತಗೊಳ್ಳಿ.

ಇಂತಿ,
ನಿಮ್ಮ ತಂಡದ ಗೆಲುವಿನ ಕೂಗು ಕೇಳಿದರೆ, ಹಾಳಾದ್ದು, ಇನ್ನೂ ಕಿವಿ ನೆಟ್ಟಗಾಗುವ,
ಒಬ್ಬ ಅಕ್ಕ