ಕಚೇರಿಯಲ್ಲಿ ಎದ್ದ ಗಾಳಿ

ರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟದ ಪ್ರಧಾನ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ಆಯ್ಕೆ ಕೂಟದ ದಿನ ಮೈದಾನದಲ್ಲಿ ಬೀಸದ ಗಾಳಿಯನ್ನು ಮರುದಿನ ನಿಮ್ಮ ಮೇಜಿನ ಮೇಲೆ ಎಬ್ಬಿಸಿ, ಒಬ್ಬ ಹುಡುಗಿಯ ಉದ್ದಜಿಗಿತವನ್ನೇ ಹಾರಿಸಿಬಿಟ್ಟಿರಿ. ನನಗೆ ಗೊತ್ತು, ಏಕೆಂದರೆ ಆ ಫಲಿತಾಂಶವನ್ನು ಟೈಪ್ ಮಾಡಿದವಳು ನಾನು.

ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ ಎರಡು ಮೀಟರ್ ದಾಟಿದರೆ ಆ ಜಿಗಿತ ಆಯ್ಕೆಗೆ ಲೆಕ್ಕಕ್ಕಿಲ್ಲ. ತಂಡದಲ್ಲಿದ್ದದ್ದು ಒಂದೇ ಜಾಗ. ನಾವೆಲ್ಲ ‘ಮಿಡತೆ’ ಎನ್ನುತ್ತಿದ್ದ ಹುಡುಗಿ ನಾಲ್ಕು ಬೆರಳಿನಷ್ಟು ಮುಂದೆ ಜಿಗಿದು ಗೆದ್ದಳು. ಮೈದಾನದಲ್ಲಿ ಗಾಳಿಯ ವೇಗ ಬರೆದುಕೊಟ್ಟ ಗಾಳಿಚೀಟಿಯಲ್ಲಿದ್ದ 1.4 ನಿಮ್ಮ ಕೈ ದಾಟುವಷ್ಟರಲ್ಲಿ 2.4 ಆಗಿತ್ತು. ಜಾಗ ಸಿಕ್ಕ ಎರಡನೆಯವಳು ನಿಮ್ಮ ಕ್ಲಬ್ಬಿನವಳು. ಪಾಪ, ಅವಳ ತಪ್ಪೇನಿಲ್ಲ.

“ಸರ್, ಇದು ಒಂದಲ್ವಾ? ಯಾರೋ ತಿದ್ದಿದ ಹಾಗಿದೆ,” ಎಂದೆ.

“ಕನ್ನಡಕ ಬದಲಾಯಿಸ್ಕೊಳ್ಳಿ ಮೇಡಂ, ವಯಸ್ಸಾಯ್ತು. ಸುಮ್ನೆ ಟೈಪ್ ಮಾಡಿ,” ಎಂದಿರಿ.

ಮಾಡಿದೆ. ಅದು ಹೆದರಿಕೆಯೋ ಹದಿನಾಲ್ಕು ವರ್ಷದ ಅಭ್ಯಾಸವೋ, ಇಂದಿಗೂ ಹೇಳಲಾರೆ. ಮೂರನೇ ದಿನ ಮಿಡತೆ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಅಕ್ಕಾ, ಅವತ್ತು ಬಾವುಟ ಕೂಡ ಸರಿಯಾಗಿ ಅಲ್ಲಾಡ್ತಿರಲಿಲ್ಲ. ಅಷ್ಟು ಗಾಳಿ ಎಲ್ಲಿಂದ ಬಂತು?”

“ಯಂತ್ರ ಹೇಳಿದ್ದಮ್ಮಾ. ನಾನೇನ್ ಮಾಡ್ಲಿ?”

ಆ ಸುಳ್ಳು ನಿಮ್ಮದಲ್ಲ, ನನ್ನದು. ಅದನ್ನು ಹೊತ್ತು ತಿರುಗಲಾರದೆ ಆಯ್ಕೆ ಸಮಿತಿಯ ಮುಂದೆ ಬಾಯಿಬಿಟ್ಟೆ. ಕಣ್ಣು ಕಾಣದವಳೆಂದು ನೀವು ನನ್ನನ್ನು ಉಗ್ರಾಣಕ್ಕೆ ಅಟ್ಟಿದಿರಿ. ಮುರಿದ ಹರ್ಡಲ್‌ಗಳ ನಡುವೆ ಕೊಳೆಯಲಿ ಎಂದಲ್ಲವೇ?

ಆದರೆ ಮೈದಾನವನ್ನು ವೇದಿಕೆಯಿಂದಷ್ಟೇ ಕಂಡವರು ನೀವು. ಗಾಳಿಚೀಟಿಯನ್ನು ಕಾರ್ಬನ್ ಇಟ್ಟು ಬರೆಯುತ್ತಾರೆ: ಮೇಲಿನ ಹಾಳೆ ಕಚೇರಿಗೆ, ಕೆಳಗಿನದು ಪುಸ್ತಕದಲ್ಲೇ. ಮುಗಿದ ಪುಸ್ತಕಗಳು ಎಲ್ಲಿಗೆ ಹೋಗುತ್ತವೆ ಗೊತ್ತೇ? ಉಗ್ರಾಣಕ್ಕೆ. ಕಳ್ಳನೇ ಕಾವಲುಗಾರ್ತಿಯನ್ನು ನೇಮಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ದಿನದ 1.4 ಹಾಗೇ ಉಳಿದಿರುವ ಪುಸ್ತಕ ಇಂದು ಬೆಳಿಗ್ಗೆ ಮೇಲ್ಮನವಿ ಮಂಡಳಿಯ ಕೈ ಸೇರಿದೆ, ನನ್ನ ತಪ್ಪೊಪ್ಪಿಗೆಯೊಂದಿಗೆ. ಇದು ನ್ಯಾಯವೋ ಸೇಡೋ ಎಂದು ನನ್ನನ್ನೇ ಕೇಳಿಕೊಂಡೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಮುಕ್ಕಾಲು ಪಾಲು ಸೇಡು. ನೀವು ಕುರ್ಚಿಯಿಂದ ಇಳಿಯುವುದನ್ನು ನಾನು ಕಣ್ಣಾರೆ ನೋಡಬೇಕು.

ತಂಡ ಹೊರಡಲು ಒಂಬತ್ತು ದಿನಗಳಿವೆ. ನನ್ನ ಬೇಡಿಕೆ ಒಂದೇ. ಅಷ್ಟರೊಳಗೆ ಅದೇ ಮೈದಾನದಲ್ಲಿ, ಅವತ್ತು ಅವಳ ಗೆಲುವು ಸಾರಿದ ಅದೇ ಮೈಕಿನಲ್ಲಿ, ಮಿಡತೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಕಾರ್ಬನ್ ಪ್ರತಿಯನ್ನು ನೀವೇ ಗಟ್ಟಿಯಾಗಿ ಓದಬೇಕು. ಅಂಕಿ ಮಸುಕಾಗಿ ಕಂಡರೆ ಚಿಂತೆ ಬೇಡ. ನನ್ನ ಕನ್ನಡಕ ಕೊಡುತ್ತೇನೆ.

ಇಂತಿ,
ತಡವಾಗಿ ಕಣ್ಣು ಬಿಟ್ಟ
ನಿಮ್ಮ ಉಗ್ರಾಣದವಳು