ಮೈಕ್ ಕೈಯಲ್ಲಿದ್ದಾಗ

20 ಜನವರಿ 2003, ಸೋಮವಾರ

ಬೆಳಿಗ್ಗೆ ತಿಂದದ್ದು ಇವತ್ತೂ ನಿಲ್ಲಲಿಲ್ಲ. ಕೊಯ್ಲಿನವರಿಗೆ ಟೀ ಕಳಿಸಿ, ಕಣದ ಪಕ್ಕ ನಿಂತು ಮತ್ತೆ ಶುರು ಮಾಡಿದೆ — ವನಗೂರು, ಹೊಂಗಡಹಳ್ಳ ಭಾಗದ ಬೆಳೆಗಾರರ ಪರವಾಗಿ ತಮಗೆಲ್ಲ ಸ್ವಾಗತ. ಒಣಗಲು ಹರವಿದ ಕಾಫಿಗೆ ಸ್ವಾಗತ ಕೋರುತ್ತಿದ್ದೇನೆ. ಎರಡನೇ ಸಾಲಿಗೇ ಮಾತು ಮರೆತೆ.

ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಮಾಡಿದವಳು. ಮಕ್ಕಳ ಮುಂದೆ ಒಂದು ದಿನವೂ ಹೀಗಾಗಿರಲಿಲ್ಲ. ಇದು ಬೇರೆ. ಫೆಬ್ರವರಿ ಎಂಟಕ್ಕೆ ಚೆನ್ನೈ, ಕೊಚ್ಚಿ, ಮಂಗಳೂರಿನ ಖರೀದಿದಾರರು ಸಕಲೇಶಪುರಕ್ಕೆ ಬರುತ್ತಾರೆ. ಕಲ್ಯಾಣ ಮಂಟಪದ ಸ್ಟೇಜ್ ಮೇಲೆಯೇ ನಮ್ಮ ಒಬ್ಬೊಬ್ಬರ ಕಾಫಿ ಮಾಡಿ, ರುಚಿ ನೋಡಿ, ಎಲ್ಲರೆದುರು ಅಭಿಪ್ರಾಯ ಹೇಳುತ್ತಾರೆ. ಯಾವ ತೋಟ, ಯಾರ ಬೆಳೆ ಎಂದು ಮೈಕ್‌ನಲ್ಲಿ ಪರಿಚಯಿಸಿ, ಅವರ ಇಂಗ್ಲಿಷನ್ನು ಇವರಿಗೆ, ಇವರ ಕನ್ನಡವನ್ನು ಅವರಿಗೆ ದಾಟಿಸುವುದು ನಾನು.

ಬೆಳೆಗಾರರ ಸಂಘದ ಅಧ್ಯಕ್ಷ ಪುಟ್ಟಸ್ವಾಮಿಯವರು ಮನೆಗೇ ಬಂದು ಕೇಳಿದ್ದರು. "ಬೆಂಗ್ಳೂರಿಂದ ಯಾರ್ನಾದ್ರೂ ಕರ್ಸಿದ್ರೆ ನಮ್ಮೂರ್ ಹೆಸ್ರೇ ಬಾಯಿಗೆ ಬರಕ್ಕಿಲ್ಲ ಕಣಮ್ಮ. ನೀನೇ ನಿಂತ್ಕ." ಕಾಫಿ ರೇಟು ಬಿದ್ದು ಕೂತಿದೆ. ಏಜೆಂಟರು ಹೇಳಿದ್ದೇ ಕೊನೆ ಮಾತು. ಕೊಳ್ಳುವವರನ್ನೇ ನೇರ ಕರೆದು ಕೂರಿಸುವುದು ಇದೇ ಮೊದಲು. ಇಲ್ಲ ಅನ್ನಲಾಗಲಿಲ್ಲ. ಜಯಕುಮಾರ್‌ಗಂತೂ ಹೆಂಡತಿ ಸ್ಟೇಜ್ ಹತ್ತುತ್ತಾಳೆಂದು ಹಬ್ಬ. ನಡುಕ ನನಗೆ ಮಾತ್ರ.

27 ಜನವರಿ

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. ಏನೂ ಇಲ್ಲವಂತೆ. "ಟೆನ್ಷನ್ ಅಷ್ಟೇ ಕಣ್ರೀ. ಉಸಿರು ಮೂಗಲ್ಲಿ ನಿಧಾನ ಎಳ್ಕೊಳ್ಳಿ, ಬಾಯಲ್ಲಿ ಬಿಡಿ. ಬೇಡದ್ದೆಲ್ಲ ತಲೆಗೆ ಹಾಕ್ಕೋಬೇಡಿ." ಮಾತ್ರೆ ಕೊಡಲಿಲ್ಲ. ಕೊಟ್ಟಿದ್ದರೆ ಚೆನ್ನಾಗಿತ್ತು.

ಬರುವಾಗ ಜೀಪಿನಲ್ಲಿ ಎಳೆದು ಬಿಟ್ಟು, ಎಳೆದು ಬಿಟ್ಟು… ಜಯಕುಮಾರ್ ನಕ್ಕರು. "ಇಂಜಿನ್‌ಗಿಂತ ನಿಂದೇ ಜೋರಾಗೈತಲ್ಲೇ." ನಗು ಬರಲಿಲ್ಲ. ಆಮೇಲೆ ಬಂತು.

2 ಫೆಬ್ರವರಿ, ಭಾನುವಾರ

ತವರಿಗೆ, ಕೆ. ಹೊಸಕೋಟೆಗೆ ಹೋಗಿಬಂದೆ. ಅಮ್ಮ ಹಿತ್ತಿಲಲ್ಲಿ ಕೂರಿಸಿ ತಲೆಗೆ ಎಣ್ಣೆ ತಟ್ಟಿದಳು. "ನೆತ್ತಿ ಕಾದೋಗೈತೆ ನೋಡು" ಅಂತ ಬೈಗುಳ. ಅವಳ ಬೆರಳು ನಿಂತಾಗಲೇ ಏನೋ ಕೇಳುತ್ತಾಳೆ ಅಂದುಕೊಂಡೆ.

"ನಾನೂ ಬತ್ತೀನಿ ಕಣ್ ಮಗ ಅವತ್ತು. ನೀನ್ ಇಸ್ಕೂಲಲ್ಲಿ ಪಾಠ ಮಾಡಿದ್ನೂ ನೋಡ್ನಿಲ್ಲ."

"ಬೇಡಮ್ಮ. ನೀನು ಎದುರಿಗೆ ಕೂತ್ರೆ ನನಗೆ ಮಾತೇ ಹೊರಡಲ್ಲ."

"ಎದುರ್ಗೆ ಯಾಕ್ ಕೂರ್ಲಿ. ಹಿಂದ್ಗಡೆ ಎಲ್ಲಾರಾ ಕುಂತ್ಕತೀನಿ."

"ಎಲ್ಲಿ ಕೂತ್ರೂ ಹುಡುಕ್ತೀನಿ ಕಣಮ್ಮ. ಬೇಡ ಅಂದ್ರೆ ಬೇಡ."

"ಆಯ್ತು ಬುಡು. ಮುಗುಸ್ಕಂಡು ಫೋನ್ ಮಾಡು." ಮತ್ತೆ ಎಣ್ಣೆ ತಟ್ಟಿದಳು. ಬೇಜಾರಾದಂತೆ ಕಾಣಲಿಲ್ಲ. ಬಸ್ಸಿಗೆ ಬಿಡಲು ತಮ್ಮ ಬಸವರಾಜು ಬಂದ. "ಕರ್ಕೊಂಡು ಬರ್ಲಾ ಅಕ್ಕ, ಸುಮ್ನೆ?" ಎಂದ. ಅವನಿಗೂ ಬೇಡ ಎಂದೆ.

5 ಫೆಬ್ರವರಿ

ಕೊಚ್ಚಿಯವರು ಬರುವುದಿಲ್ಲವಂತೆ. ಜನರೇಟರ್‌ನವನು ಸಿಗುತ್ತಿಲ್ಲ. ಕಾರ್ಯಕ್ರಮದ ಕ್ರಮ ಮತ್ತೆ ಬದಲು — ಪುಟ್ಟಸ್ವಾಮಿಯವರಿಂದ ಫೋನ್ ಮೇಲೆ ಫೋನ್. ಮಧ್ಯಾಹ್ನ ರಿಸೀವರ್ ಇಟ್ಟವಳೇ ನೆಲದ ಮೇಲೆ ಕೂತುಬಿಟ್ಟೆ. ಜಯಕುಮಾರ್ ನೀರು ತಂದರು. ಅವರ ಮೇಲೇ ಕೂಗಾಡಿದೆ.

"ಶನಿವಾರ ಮುಗಿಯೋ ತನಕ ಯಾರೂ ನನ್ನ ಹತ್ರ ಏನೂ ಹೇಳ್ಬೇಡಿ. ಮನೆಗೆ ಬೆಂಕಿ ಬಿದ್ರೂ ಹೇಳ್ಬೇಡಿ!"

"ಆಯ್ತು ಮಾರಾಯ್ತಿ. ಏನ್ ಬಂದ್ರೂ ನನ್ ತಾವ್ಲೇ ನಿಂತೋಯ್ತದೆ. ನೀನು ಮಾತು ನೋಡ್ಕೊ."

ಆಮೇಲೆ ಎಷ್ಟೋ ಹಗುರ. ಸಂಜೆ ಮುದ್ದೆ ಉಂಡೆ. ನಿಂತಿತು.

8 ಫೆಬ್ರವರಿ, ಶನಿವಾರ, ಬೆಳಿಗ್ಗೆ

ಮಂಜು ಇನ್ನೂ ಬಿಟ್ಟಿಲ್ಲ. ನೀಲಿ ರೇಷ್ಮೆ. ಎಳೆದು, ಬಿಟ್ಟು. ಮಾತೆಲ್ಲ ನೆನಪಿದೆ — ಆಶ್ಚರ್ಯ. ಕೊಚ್ಚಿಯವರೂ ಬರುತ್ತಿದ್ದಾರಂತೆ. ಜೀಪ್ ಹಾರ್ನ್ ಆಗುತ್ತಿದೆ. ಬಂದು ಬರೆಯುತ್ತೇನೆ, ಎಲ್ಲ.

21 ಫೆಬ್ರವರಿ, ಕೆ. ಹೊಸಕೋಟೆ

ಅಮ್ಮ ಇಲ್ಲ.

ಬರೆಯದೆ ಇರಲು ನೋಡಿದೆ. ಆಗುತ್ತಿಲ್ಲ.

ಅವತ್ತು ಅಮ್ಮ ಹೊರಟಿದ್ದಳು. ಯಾರಿಗೂ ಹೇಳದೆ, ಮೊದಲನೇ ಬಸ್ಸಿಗೆ. ತಮ್ಮನ ಮದುವೆಗೆ ತೆಗೆದ ಸೀರೆ ಉಟ್ಟು. ಆಲೂರಿನಲ್ಲಿ ಸಕಲೇಶಪುರದ ಬಸ್ಸಿಗೆ ಕಾಯುತ್ತ ನಿಂತಲ್ಲೇ ಕುಸಿದಳು. ಗುರುತಿನವರು ಯಾರೋ ಆಸ್ಪತ್ರೆಗೆ ಸೇರಿಸಿ ಬಸವರಾಜುವಿಗೆ ತಿಳಿಸಿದರು. ಅಲ್ಲಿಂದ ಹಾಸನಕ್ಕೆ ಕಳಿಸಿದರು. ತಲೆಯಲ್ಲಿ ರಕ್ತಸ್ರಾವ.

ಬಸವರಾಜು ಹಾಸನದಿಂದ ಕಲ್ಯಾಣ ಮಂಟಪಕ್ಕೆ ಫೋನ್ ಮಾಡಿದ. ನಮ್ಮಲ್ಲಿ ಟೀ ವಿರಾಮ. ಫೋನ್ ಎತ್ತಿದ್ದು ಜಯಕುಮಾರ್. ನಾನು ಹತ್ತು ಮಾರು ದೂರದಲ್ಲಿ ಚೆನ್ನೈನವರ ಜೊತೆ ನಗುತ್ತಿದ್ದೆ.

ಇವರು ಪುಟ್ಟಸ್ವಾಮಿಯವರಿಗೆ ಹೇಳಿದರು. ಅವರು ಹೇಳಿದ್ದು — "ಅಷ್ಟೂ ಜನರ ಕಾಫಿ ಮೇಜಿನ ಮ್ಯಾಲೈತೆ ಜಯಣ್ಣ. ಅರ್ಧ ಬೆಳೆಗಾರರ ಸರದೀನೇ ಬಂದಿಲ್ಲ. ನೋಡಪ್ಪ, ನಾನು ಹಿಂಗೇ ಮಾಡು ಅನ್ನಲ್ಲ." ನನಗೆ ಹೇಳುವುದು ಬೇಡವೆಂದು ಇವರೇ ನಿರ್ಧರಿಸಿದರು.

ಟೀ ಆದ ಮೇಲೆ ನಾನು ಇನ್ನೂ ಚೆನ್ನಾಗಿ ಮಾತಾಡಿದೆ. ಅದೇ ತಡೆಯಲಾಗದ್ದು. ರುಚಿ ನೋಡುವವರು ಚಮಚದಲ್ಲಿ ಕಾಫಿ ಸೊರ್ ಎಂದು ಎಳೆದು ಉಗಿಯುತ್ತಾರೆ. "ನಮ್ಮನೇಲಿ ಹೀಗೆ ಕುಡಿದಿದ್ರೆ ನಮ್ಮತ್ತೆ ಲೋಟ ಕಿತ್ಕೋತಿದ್ರು" ಎಂದೆ. ಮುಂದಿನ ಸಾಲುಗಳು ಹೋ ಎಂದು ನಕ್ಕವು. ಪುಟ್ಟಸ್ವಾಮಿಯವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ನಗು ತಡೆಯುತ್ತಿದ್ದಾರೆ ಅಂದುಕೊಂಡೆ.

ಊಟದ ಹೊತ್ತಿಗೆ ಹಿಂದಿನ ಸಾಲಿನವರಿಗೆಲ್ಲ ಗೊತ್ತಾಗಿತ್ತು. ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಸೀರೆ ಎಲ್ಲೋ ಜಾರಿದೆಯೆಂದು ಎರಡು ಸಲ ಸೆರಗು ಸರಿಮಾಡಿಕೊಂಡೆ. ಹೊಂಗಡಹಳ್ಳದ ಈರಮ್ಮನವರು ಕೈ ಹಿಡಿದು ಬಿಡಲೇ ಇಲ್ಲ. "ಎಷ್ಟು ಚೆನ್ನಾಗಿ ಮಾತಾಡ್ತೀಯವ್ವ" ಎಂದರು. ಕಣ್ಣಲ್ಲಿ ನೀರು. ನನಗೆ ಹೆಮ್ಮೆ.

ವಂದನಾರ್ಪಣೆ ಮುಗಿಸಿ ಇಳಿದೆ. ಚಪ್ಪಾಳೆ ಇನ್ನೂ ಇತ್ತು. ಜಯಕುಮಾರ್ ಮೆಟ್ಟಿಲ ಹತ್ತಿರ ನಿಂತಿದ್ದರು. ಮೈಕ್ ಕೈಯಿಂದ ತೆಗೆದುಕೊಂಡರು. "ಸುಚಿ, ಹಾಸನಕ್ಕೆ ಹೋಗ್ಬೇಕು. ಅಮ್ಮಂಗೆ…" ಅಷ್ಟರಲ್ಲಿ, ಅಮ್ಮ ಹೋದಳೆಂದು, ಎರಡನೇ ಫೋನೂ ಬಂದು ಹೋಗಿತ್ತು.

ಬಾಳ್ಳುಪೇಟೆ ದಾಟಿದ ಮೇಲೆ ಕೇಳಿದೆ, ಯಾವಾಗ ಗೊತ್ತಾಯಿತು ಎಂದು. ಸುಳ್ಳು ಹೇಳಲಿಲ್ಲ. ಟೀ ಹೊತ್ತಿಗೆ ಎಂದರು. ಆಗಲೇ ಹೊರಟಿದ್ದರೆ ಸಿಗುತ್ತಿದ್ದಳು. ಊಟ ಕಳೆದು ಎಷ್ಟೋ ಹೊತ್ತಿನವರೆಗೂ ಇದ್ದಳು.

"ನೀನೇ ಹೇಳಿದ್ದೆ…" ಎಂದರು.

ಹೌದು. ನಾನೇ.

ಭಾನುವಾರ ಮಣ್ಣು ಮಾಡಿದೆವು. ಶಿವಗಣಾರಾಧನೆಯೂ ಆಯಿತು. ನಿನ್ನೆ ಬಸವರಾಜುವನ್ನು ಒಬ್ಬನೇ ಸಿಕ್ಕಾಗ ಕೇಳಿದೆ — ನನ್ನ ಕೇಳಿದಳೇನೋ? ಅವನು ತಲೆ ಎತ್ತಲಿಲ್ಲ. "ಆಲೂರಲ್ಲೇ ಮಾತು ನಿಂತೋಗಿತ್ತು ಅಕ್ಕ. ಕಣ್ಣು ಬುಟ್ಕಂಡು ಬಾಗ್ಲ ಕಡೆ ನೋಡೋದು. ಅಷ್ಟೇಯ."

3 ಮಾರ್ಚ್, ಮನೆ

ಪುಟ್ಟಸ್ವಾಮಿಯವರು ಬಂದಿದ್ದರು. ಜಗಲಿಯಲ್ಲೇ ನಿಂತರು, ಕೂರಲಿಲ್ಲ. ಚೆನ್ನೈನವರು ನಮ್ಮ ಕಡೆಯ ಕಾಫಿಯನ್ನು ಏಜೆಂಟರಿಲ್ಲದೆ ನೇರ ಎತ್ತುತ್ತಾರಂತೆ. ಮುಂದಿನ ವರ್ಷವೂ ಬರುತ್ತಾರಂತೆ. "ನಿನ್ನಿಂದ್ಲೇ ಆಯ್ತು ಕಣಮ್ಮ" ಎಂದು ಹೇಳಿ, ಹೇಳಬಾರದಿತ್ತು ಎಂಬಂತೆ ನಿಂತರು. "ಅವತ್ತು ನಾನು ಒಂದ್ ಮಾತು ಹೇಳ್ಬೋದಿತ್ತು, ಕರ್ಕಂಡೋಗಪ್ಪ ಅಂತ. ಹೇಳ್ನಿಲ್ಲ."

ಕಾಫಿ ಕೊಟ್ಟೆ. ಬೈಯಲು ಮನಸ್ಸಾಗಲಿಲ್ಲ. ಸಂತೋಷಪಡಲೂ ಆಗಲಿಲ್ಲ.

ಜಯಕುಮಾರ್ ಜೊತೆ ಕೆಲಸದ ಮಾತು ಮಾತ್ರ. ಗೊಬ್ಬರ ಬಂತಾ. ಆಳು ಎಷ್ಟು. ಅವರು ಅರ್ಧ ಉಂಡು ಏಳುತ್ತಾರೆ. ನಾನು ನೋಡದವಳಂತೆ ತಟ್ಟೆ ಎತ್ತುತ್ತೇನೆ.

14 ಮಾರ್ಚ್

ನಿನ್ನೆ ಕಾಫಿ ಅರಳಿಸುವ ಹೂಮಳೆ. ತೋಟದಲ್ಲೆಲ್ಲ ಮಣ್ಣಿನ ವಾಸನೆ. ಊರವರಿಗೆ ಖುಷಿ.

ಮಧ್ಯಾಹ್ನ ಬಡಿಸುತ್ತಿದ್ದೆ. ಇವರು ತಟ್ಟೆಯನ್ನೇ ನೋಡುತ್ತ ಹೇಳಿದರು.

"ಸುಚಿ, ಒಂದು ವಿಷ್ಯ ನಿಂಗೆ ಹೇಳೇ ಇಲ್ಲ. ಅವತ್ತು ಬಸವರಾಜು ಫೋನಲ್ಲಿ ಅಂದಿದ್ದ — ಅಮ್ಮ ಹೇಳಿದ್ರಂತೆ, 'ಅವ್ಳಿಗೆ ಹೇಳ್ಬ್ಯಾಡಿ, ಮುಗುಸ್ಕಂಡೇ ಬರ್ಲಿ' ಅಂತ."

ಸೌಟು ಕೈಯಲ್ಲೇ ಉಳಿಯಿತು.

ಆಲೂರಿನಲ್ಲೇ ಅಮ್ಮನ ಮಾತು ನಿಂತದ್ದು ನನಗೆ ಗೊತ್ತು. ನನಗೆ ಗೊತ್ತೆಂದು ಇವರಿಗೆ ಗೊತ್ತಿಲ್ಲ. ಎಷ್ಟು ದಿನ ಮನಸ್ಸಿನಲ್ಲೇ ಕಟ್ಟಿದ್ದಾರೋ ಈ ಮಾತನ್ನು. ಅಮ್ಮ ಆಡುವ ಹಾಗೆಯೇ ಆಡಿದರು. ಹೇಳುವಾಗ ಕಿವಿ ಕೆಂಪಾಗಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಇವರಿಗೆ ಸುಳ್ಳು ಹೇಳಲು ಬಂದದ್ದೇ ಇಲ್ಲ.

"ಹೌದಾ?" ಎಂದೆ.

"ಹೂಂ."

"ಮೊದಲೇ ಹೇಳ್ಬಾರ್ದಿತ್ತಾ ರೀ."

ಅವರು ತಲೆ ಎತ್ತಿ ನೋಡಿದರು. ನಂಬಿದೆನೆಂದು ನಂಬಿದರು. ಆಮೇಲೆ ಇನ್ನೊಂದು ಸಲ ಸಾರು ಹಾಕಿಸಿಕೊಂಡು, ಪೂರ್ತಿ ಉಂಡರು. ಕೈ ತೊಳೆಯಲು ಹೋದವರು ಬಚ್ಚಲಲ್ಲಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದರು.

ಅವರ ಮೇಲೆ ಸಿಟ್ಟು ಇದೆ. ಇಲ್ಲ ಎಂದು ಬರೆಯಲಾರೆ. ಆದರೆ ಆ ಸುಳ್ಳನ್ನು ಮುರಿಯಲೂ ಆರೆ. ಅಮ್ಮನಿಗೆ ಮಾತು ಇದ್ದಿದ್ದರೆ ಹಾಗೇ ಅಂದಿರುತ್ತಿದ್ದಳೋ ಏನೋ. ಮುಗುಸ್ಕಂಡೇ ಬರ್ಲಿ… ಅನ್ನುವವಳೇ ಅವಳು. ಅಥವಾ ಬಾಗಿಲ ಕಡೆ ನೋಡುತ್ತಿದ್ದವಳು, ಕರೀರಿ, ಒಂದು ಸಲ ನೋಡ್ತೀನಿ ಎಂದೇ ಅನ್ನುತ್ತಿದ್ದಳೋ.