ಧನು ರಾಶಿಯಲ್ಲೊಂದು ಮದ್ಯದ ಮೋಡ

೨೦ ಸೆಪ್ಟೆಂಬರ್ ೨೦೨೫, ಶನಿವಾರ

"ವೈನ್ ವಿಷಯ ಬಿಟ್ಬಿಡಿ ಮೇಡಂ, ನಕ್ಷತ್ರ ಮಾತ್ರ ಹೇಳಿ" ಎಂದು ನನ್ನ ಉಪನ್ಯಾಸ ಏರ್ಪಡಿಸಿದ್ದ ವಿಜ್ಞಾನ ಬಳಗದ ಸೂರ್ಯಪ್ರಕಾಶ್ ವಾರದಿಂದ ಕೊರೆಯುತ್ತಿದ್ದರು. ನಾನು ಒಪ್ಪಲಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು ಮದ್ಯದ ಹೆಸರೆತ್ತಲು ಹೆದರಿದರೆ ಹೇಗೆ?

ಇವತ್ತು ಸಂಜೆ ದಬ್ಬೇಘಟ್ಟದ ಸಭೆಗೆ ಹೋಗಿ ನೋಡಿದರೆ, ಊರಿನ ಬ್ರಾಂದಿ ಅಂಗಡಿ ಮುಚ್ಚಿಸಿದ ಹೆಂಗಸರೆಲ್ಲ ಮುಂದೆಯೇ ಕೂತಿದ್ದರು. ಅವರ ಮುಂದಾಳು ಪುಟ್ಟಗಂಗಮ್ಮ, ಕುಡಿತಕ್ಕೆ ಗಂಡನನ್ನು ಕಳೆದುಕೊಂಡವರು. "ಕುಡಿಯೋದನ್ನ ಹೊಗಳಿದ್ರೆ ಎದ್ದೋಗ್ತೀವಿ ಕಣವ್ವ" ಎಂದರು.

ದ್ರಾಕ್ಷಿ ರಸದಿಂದ ಶುರುಮಾಡಿದೆ. ಕಣ್ಣಿಗೆ ಕಾಣದ ಯೀಸ್ಟ್ ಎಂಬ ಜೀವಿ ಸಕ್ಕರೆ ತಿಂದು ಮದ್ಯವನ್ನು ಹೊರಹಾಕುತ್ತದೆ, ಅದು ಹೆಚ್ಚಾದರೆ ತಾನೇ ಸಾಯುತ್ತದೆ ಎಂದೆ. ಪುಟ್ಟಗಂಗಮ್ಮ ಎದ್ದು ನಿಂತರು. ಹೊರಟೇಬಿಟ್ಟರು ಅಂದುಕೊಂಡೆ.

"ಹಂಗಾದ್ರೆ ನಮ್ಮ ಗಂಡುಸ್ರು ಕುಡಿಯೋದು ಹುಳದ ಉಚ್ಚೆನಾ?"

"ಹೆಚ್ಚುಕಮ್ಮಿ ಅಷ್ಟೇ ಕಣ್ರಮ್ಮ!"

ಸಭೆಗೆ ಸಭೆಯೇ ನಕ್ಕಿತು. ಹಿಂದಿದ್ದ ಗಂಡಸರೂ ತಲೆ ತಗ್ಗಿಸಿಕೊಂಡೇ ನಕ್ಕರು.

ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ನಕ್ಷತ್ರಗಳು ಹುಟ್ಟುವ ಮೋಡಗಳಲ್ಲಿ ಅದೇ ಮದ್ಯ ಯೀಸ್ಟಿನ ಹಂಗಿಲ್ಲದೆ ತಾನಾಗಿ ಆಗುತ್ತದೆ, ಧನು ರಾಶಿಯ ದಿಕ್ಕಿನ ಒಂದು ಮೋಡದಲ್ಲಿರುವುದು ನಮ್ಮ ಸಮುದ್ರಗಳಲ್ಲೂ ಹಿಡಿಸದು ಎಂದೆ.

"ಅಲ್ಲೇ ಇರ್ಲಿ ಬುಡವ್ವ, ಕೆಳಕ್ಕೆ ಇಳಿಸ್ಬ್ಯಾಡ!" ಎಂದರು ಪುಟ್ಟಗಂಗಮ್ಮ.

ಮುಗಿದರೂ ಯಾರೂ ಮನೆಗೆ ಹೋಗಲಿಲ್ಲ. ಹೊರಗೆ ತೆಂಗಿನ ಗರಿಗಳ ಸಂದಿಯಲ್ಲಿ ಧನು ರಾಶಿ ತೋರಿಸಿದೆ. ಪುಟ್ಟಗಂಗಮ್ಮ ಬಹಳ ಹೊತ್ತು ನೋಡಿ, ನನ್ನ ಕೈ ಹಿಡಿದರು.

"ಇಷ್ಟ್ ವರ್ಸ ಕುಡ್ತ ಅಂದ್ರೆ ಅಳುನೇ ಬತ್ತಿತ್ತು. ಇವತ್ತು ನಗ್ಸ್‌ಬುಟ್ಟೆ ಕಣವ್ವ."

ಗೆದ್ದೆ! ಕಣ್ಣು ಎಳೆಯುತ್ತಿದೆ, ಮಲಗಲು ಮಾತ್ರ ಮನಸ್ಸಿಲ್ಲ. ಆ ಕೈಯ ಬಿಸಿ ಇನ್ನೂ...